ಎಕೋ, ರಿವರ್ಬ್, ಫೀಡ್‌ಬ್ಯಾಕ್: ಕನ್ನಡ ಪದ ಇವತ್ತೇ ಬೇಕು

ತುಮಕೂರಿನಿಂದ ಪ್ರಶ್ನೆ:

ನಮ್ಮ ಶಾಲೆಯ ಸಂಗೀತ ಕಾರ್ಯಕ್ರಮ ಈ ಸಲ ಒಳಾಂಗಣ ಕ್ರೀಡಾಂಗಣದಲ್ಲಿ. ಮೇಲೆ ತಗಡಿನ ಶೀಟು, ನುಣ್ಣನೆ ನೆಲ, ಬೋಳು ಗೋಡೆ. ಮೈಕ್ ನೋಡಿಕೊಳ್ಳುವ ಮೇಷ್ಟ್ರಿಗೂ ಮಕ್ಕಳಿಗೂ ಒಂದು ಸೂಚನೆಯ ಫಲಕ ಬರೆಯುತ್ತಿದ್ದೇನೆ. ಎಕೋ, ರಿವರ್ಬ್ ಎರಡಕ್ಕೂ ‘ಪ್ರತಿಧ್ವನಿ’ ಎಂದು ಹಾಕಿದ್ದೇನೆ. ಫೀಡ್‌ಬ್ಯಾಕ್‌ಗೆ ‘ಹಿಮ್ಮಾಹಿತಿ’. ಸರಿಯೇ? ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಕೋಲಾರದಿಂದ:

ಪ್ರತಿಧ್ವನಿ ಬೇಡ. ‘ಮಾರ್ದನಿ’ ಅಚ್ಚಗನ್ನಡ, ಎರಡಕ್ಕೂ ನಡೆಯುತ್ತದೆ. ಫೀಡ್‌ಬ್ಯಾಕ್‌ಗೆ ‘ಮರುಕೂಗು’ ಎನ್ನಿ. ಮೈಕ್, ಸ್ಪೀಕರ್ ಕೂಡ ತೆಗೆಯಿರಿ. ಕನ್ನಡ ಶಾಲೆಯ ಗೋಡೆ ಮೇಲೇ ಕನ್ನಡ ಇರದಿದ್ದರೆ ಇನ್ನೆಲ್ಲಿ ಇರಬೇಕು?

ಚಿಕ್ಕಬಳ್ಳಾಪುರದಿಂದ:

ಮೇಡಂ, ಸ್ವಲ್ಪ ತಡೆಯಿರಿ. ಎರಡಕ್ಕೂ ಒಂದೇ ಪದ ಹಾಕಿದರೆ ಫಲಕ ಓದಿದವರು ತಪ್ಪು ಕೆಲಸ ಮಾಡುತ್ತಾರೆ.

ಆಡಿದ ಮಾತು ಮಾತಾಗಿಯೇ ವಾಪಸ್ ಬಂದರೆ ಅದು ಎಕೋ, ಅಂದರೆ ಮಾರ್ದನಿ. ಗೋಳಗುಮ್ಮಟದಲ್ಲಿ ಹೆಸರು ಕೂಗಿದರೆ ಹೆಸರೇ ಮರಳಿ ಕೇಳುತ್ತದಲ್ವಾ, ಅದು. ಹಾಗೆ ಬಿಡಿಯಾಗಿ ಕೇಳಬೇಕಾದರೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ತಡವಾಗಿ ಬರಬೇಕು. ಅಂದರೆ ಗೋಡೆ ಸುಮಾರು 17 ಮೀಟರ್ ದೂರ ಇರಬೇಕು. ಬಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ವೇದಿಕೆ ಒಂದು ತುದಿಯಲ್ಲಿದ್ದರೆ ಎದುರು ಗೋಡೆಯಿಂದ ಬರುವುದು ಮಾರ್ದನಿ. ಅಕ್ಕಪಕ್ಕದ ಗೋಡೆ, ಶೀಟು, ನೆಲ ಇವುಗಳ ನಡುವೆ ಓಡಾಡುವ ಸದ್ದು ಬೇರೆ. ಅದು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಹಿಂದಿನ ಅಕ್ಷರ ಅಡಗುವ ಮುಂಚೆ ಮುಂದಿನದು ಬಂದು ಬೀಳುತ್ತದೆ. ಇದೇ ರಿವರ್ಬ್. ಪಠ್ಯದ ಪದ ‘ಅನುರಣನ’. ಕಾವ್ಯಮೀಮಾಂಸೆ ಓದಿದವರಿಗೆ ಹಳೆಯ ಪರಿಚಯ ಇದು. ಗಂಟೆ ಹೊಡೆದ ಮೇಲೆ ಉಳಿಯುವ ನಾದಕ್ಕೆ ಹೇಳುವ ಪದವನ್ನೇ ಅಲ್ಲಿ ವ್ಯಂಗ್ಯಾರ್ಥಕ್ಕೂ, ಅಂದರೆ ನೇರವಾಗಿ ಹೇಳದೆ ಹೊಳೆಯುವ ಅರ್ಥಕ್ಕೂ, ಬಳಸಿದ್ದಾರೆ.

1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತೇ ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸಬೈನ್ ಎಂಬ ಭೌತಶಾಸ್ತ್ರದ ಅಧ್ಯಾಪಕರಿಗೆ ಅದನ್ನು ಸರಿಮಾಡುವ ಕೆಲಸ ಬಂತು. ಅವರು ಹತ್ತಿರದ ಥಿಯೇಟರಿನ ಸೀಟಿನ ದಿಂಬುಗಳನ್ನು ತಂದು ಹಾಸಿ, ರಾತ್ರಿ ಹೊತ್ತು ಆರ್ಗನ್ ಕೊಳವೆ ನುಡಿಸಿ, ಸದ್ದು ಅಡಗಲು ಎಷ್ಟು ಸೆಕೆಂಡ್ ಬೇಕೆಂದು ಅಳೆದರು. ದಿಂಬು ಜಾಸ್ತಿಯಾದಷ್ಟೂ ಸದ್ದು ಬೇಗ ಅಡಗಿತು. ಇವತ್ತೂ ಅದೇ ಅಳತೆ: ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲ. ಇದನ್ನು ಮಾರ್ದನಿ ಎಂದರೆ ಅಳತೆಗೆ ಅರ್ಥವೇ ಉಳಿಯುವುದಿಲ್ಲ.

ಮದ್ದೂ ಬೇರೆ ಬೇರೆ. ಮಾರ್ದನಿಗೆ ಎದುರು ಗೋಡೆಗೆ ದಪ್ಪ ಬಟ್ಟೆ ಇಳಿಬಿಟ್ಟು, ಸ್ಪೀಕರನ್ನು ಜನರ ಕಡೆ ಬಗ್ಗಿಸಬೇಕು. ಅನುರಣನಕ್ಕೆ ಸ್ಪೀಕರ್ ಜನರ ಹತ್ತಿರ ತಂದು ವಾಲ್ಯೂಮ್ ಇಳಿಸಬೇಕು, ಮಾತು ನಿಧಾನವಾಗಬೇಕು. ಕೇಳಿಸಲಿಲ್ಲ ಎಂದು ಏರಿಸಿದರೆ ಕಲಸಿದ ಸದ್ದೂ ಅಷ್ಟೇ ಏರುತ್ತದೆ. ಖಾಲಿ ಹಾಲಿನಲ್ಲಿ ಕೇಳಿ ಹೆದರಬೇಡಿ. ಜನ ತುಂಬಿದರೆ ಅವರ ಮೈ, ಬಟ್ಟೆ ಒಂದಷ್ಟು ಸದ್ದು ಹೀರುತ್ತವೆ.

ಕೋಲಾರದ ಹಿರಿಯರಿಗೆ: ‘ಮಾರ್’ ಕನ್ನಡದ್ದು, ಮಾರ್ನುಡಿಯಲ್ಲಿ ಇರುವುದೇ. ‘ದನಿ’ ಧ್ವನಿಯ ತದ್ಭವ. ಮಾರ್ದನಿ ನನಗೂ ಇಷ್ಟ, ಆದರೆ ಅಚ್ಚಗನ್ನಡ ಎಂಬ ಕಾರಣ ಕೊಟ್ಟು ಬೇರೆ ಪದ ತಳ್ಳಲಾಗದು. ನಿಮಗೆ ನಿಜವಾಗಿ ಅಚ್ಚಗನ್ನಡವೇ ಬೇಕಿದ್ದರೆ ‘ಗುಂಯ್‌ಗುಟ್ಟು’ ಇದೆ. ಪಿಸುಗುಟ್ಟು, ಗೊಣಗುಟ್ಟು, ಲೊಚಗುಟ್ಟು ಇವುಗಳ ಸಾಲಿನದು. ಕಟ್ಟಬೇಕಾಗಿಲ್ಲ, ಬಾಯಲ್ಲೇ ಇದೆ. ಫಲಕಕ್ಕೆ ನಾನು ನಾಮಪದ ಹಾಕುವುದೇ ಇಲ್ಲ, ಕ್ರಿಯಾಪದ ಸಾಕು: ‘ಹಾಲ್ ಗುಂಯ್‌ಗುಟ್ಟಿದರೆ ವಾಲ್ಯೂಮ್ ಏರಿಸಬೇಡಿ.’

‘ಹಿಮ್ಮಾಹಿತಿ’ ಖಂಡಿತ ಬೇಡ. ಅದು ಅಭಿಪ್ರಾಯ ಬರೆದುಕೊಡುವ ಹಾಳೆಗೆ ಸರಿ. ಇಲ್ಲಿ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ, ಸುತ್ತಿ ಸುತ್ತಿ ಬೆಳೆಯುತ್ತದೆ. ಸೌಂಡ್ ಸೆಟ್ಟಿನವರು ‘ಹೌಲಿಂಗ್’ ಅನ್ನುತ್ತಾರೆ, ಮಕ್ಕಳು ‘ಕುಯ್ಯ್ ಅಂತು’ ಅನ್ನುತ್ತಾರೆ. ‘ಮೈಕ್ ಕಿರುಚಿದರೆ’ ಎಂದು ಬರೆಯಿರಿ. ಅದರ ಕೆಳಗೆ ಇದನ್ನೂ ಸೇರಿಸಿ: ‘ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಬೇಡಿ.’ ಸಿನಿಮಾ ಗಾಯಕರನ್ನು ನೋಡಿ ಮಕ್ಕಳು ಜಾಲರಿಗೇ ಕೈ ಹಾಕುತ್ತಾರೆ. ಮೈಕಿನ ಹಿಂಬದಿಯಿಂದ ಬರುವ ಸದ್ದು ಹಿಡಿಯದಂತೆ ಮಾಡುವ ಸಂದುಗಳು ಅಲ್ಲೇ ಇರುತ್ತವೆ. ಅವು ಮುಚ್ಚಿದರೆ ಮೈಕ್ ಎಲ್ಲ ಕಡೆಯಿಂದಲೂ ಸದ್ದು ಎಳೆದುಕೊಂಡು ಕಿರುಚುತ್ತದೆ.

ಕೋಲಾರದಿಂದ:

ತದ್ಭವವೂ ಕನ್ನಡವೇ. ಅದನ್ನು ನೀವು ನನಗೆ ಹೇಳಿಕೊಡಬೇಕಿಲ್ಲ. ಮೈಕ್, ವಾಲ್ಯೂಮ್, ಸ್ಪೀಕರ್ ಎಲ್ಲ ಬಿಟ್ಟುಕೊಟ್ಟ ಮೇಲೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಧ್ವನಿವರ್ಧಕಕ್ಕೆ ಏನಾಗಿದೆ?

ತುಮಕೂರಿನಿಂದ:

ಗುಂಯ್‌ಗುಟ್ಟು, ಕಿರುಚು ಎರಡೂ ಹಾಕುತ್ತೇನೆ. ಇನ್ನೊಂದು. ‘ಮಾನಿಟರ್ ಕಡೆ ಮೈಕ್ ತಿರುಗಿಸಬೇಡಿ’ ಎಂದು ಬರೆದರೆ ಮಕ್ಕಳು ಕ್ಲಾಸ್ ಮಾನಿಟರ್ ಎಂದುಕೊಳ್ಳುತ್ತಾರೆ. ಬೇರೆ ಪದ ಇದೆಯೇ?

ಚಿಕ್ಕಬಳ್ಳಾಪುರದಿಂದ:

ಧ್ವನಿವರ್ಧಕ ಅನುಮತಿ ಪತ್ರದಲ್ಲಿ ಚೆನ್ನಾಗಿದೆ. ಅಲ್ಲಿ ಅದು ಇಡೀ ಸೆಟ್ಟು. ಹಾಲಿನಲ್ಲಿ ನಿಂತಾಗ ಅದು ಆಂಪ್ಲಿಫೈಯರೋ ಸ್ಪೀಕರೋ ತಿಳಿಯುವುದಿಲ್ಲ, ಯಾವುದನ್ನು ತಿರುಗಿಸಬೇಕೆಂದು ಹುಡುಗ ಕೇಳುತ್ತಾನೆ. ಕುರ್ಚಿ, ಮೇಜು, ರಸೀದಿ ಬಂದವು, ನಾವು ‘ಕುರ್ಚಿಯಲ್ಲಿ’, ‘ರಸೀದಿಗೆ’ ಎಂದೇ ಆಡಿದೆವು. ಪ್ರತ್ಯಯ ಉಳಿದದ್ದು ಸಣ್ಣ ವಿಷಯವಲ್ಲ ಸಾರ್, ಭಾಷೆಯ ಬೆನ್ನುಮೂಳೆಯೇ ಅದು. ಎರವಲು ಬಂದದ್ದಕ್ಕಿಂತ, ಗುಂಯ್‌ಗುಟ್ಟುವಂಥ ಪದವನ್ನು ಬರೆಯಲು ಯೋಗ್ಯವಲ್ಲ ಎಂದು ನಾವೇ ಪಕ್ಕಕ್ಕಿಟ್ಟದ್ದು ನನಗೆ ಜಾಸ್ತಿ ನೋವು.

ಮೇಡಂ, ‘ಹಾಡುವವರ ಮುಂದಿನ ಸ್ಪೀಕರ್’ ಎನ್ನಿ. ಮೈಕಿನ ಬಾಲ ಆ ಸ್ಪೀಕರಿನ ಕಡೆ, ಬಾಯಿಂದ ಮೈಕ್ ನಾಲ್ಕು ಬೆರಳು ದೂರ, ಬಳಸದ ಮೈಕ್ ಎಲ್ಲ ಆಫ್. ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಹಾಕಿಸಿ. ಬೆಳಕು ಆರಿಸಿದಾಗಲೂ ಓದಲು ಆಗಬೇಕು.