ಹೊಲಿಗೆ ಕಲಿಯಲೋ ಬೇರೆ ಏನಾದರೂ ಕಲಿಯಲೋ? ಅಂಕೋಲಾ ಕಡೆಯ ಪ್ರಶ್ನೆ, ನಮ್ಮ ಜಿಲ್ಲೆಯ ಹೆಂಗಸರ ಅನುಭವ

ಕೇಳಿದವರು: ಅವರ್ಸಾ ಕಡೆಯಿಂದ

ಪಿಯುಸಿ ಆಗಿದೆ. ಇಬ್ಬರು ಮಕ್ಕಳು, ಚಿಕ್ಕವಳು ಅಂಗನವಾಡಿಗೆ ಹೋಗುತ್ತಾಳೆ. ಯಜಮಾನರು ಬೋಟಿಗೆ ಹೋಗುತ್ತಾರೆ. ನಮ್ಮ ಸ್ವಸಹಾಯ ಸಂಘಕ್ಕೆ ಹೊಲಿಗೆ ತರಬೇತಿಯ ಸುದ್ದಿ ಬಂದಿದೆ. ಒಂದು ತಿಂಗಳು, ಅಲ್ಲೇ ಉಳಿದು ಕಲಿಯಬೇಕು. ಊರಲ್ಲಿ ಹೊಲಿಯುವವರು ಆಗಲೇ ಇದ್ದಾರೆ, ನನಗೂ ಕೆಲಸ ಸಿಗುತ್ತದಾ ಎಂಬ ಅನುಮಾನ. ಅತ್ತೆಯವರು ‘ಮನೆ ಯಾರು ನೋಡುವುದು’ ಅನ್ನುತ್ತಿದ್ದಾರೆ. ಕಲಿತು ದುಡಿಯುತ್ತಿರುವವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಕುಮಟಾದಿಂದ, ಟೈಲರ್

ಹೋಗು ತಂಗಿ. ಹೋಗುವ ಮೊದಲು ಊರಲ್ಲಿ ಒಂದು ಸುತ್ತು ಹಾಕಿ ನೋಡು. ಹೊಲಿಯುವವರು ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ, ಯಾವ ಕೆಲಸಕ್ಕೆ ಜನ ಪೇಟೆಗೆ ಬಸ್ ಹತ್ತುತ್ತಾರೆ ಅನ್ನುವುದನ್ನು ವಿಚಾರಿಸು. ನಮ್ಮ ಕಡೆ ಬ್ಲೌಸ್ ಹೊಲಿಯುವವರು ಬೇಕಾದಷ್ಟಿದ್ದರು, ಸೀರೆಗೆ ಪಿಕೊ, ಅಂದರೆ ಅಂಚಿನ ಎಳೆ ಬಿಚ್ಚದಂಥ ಹೊಲಿಗೆ, ಮಾಡುವವರು ಒಬ್ಬರೂ ಇರಲಿಲ್ಲ. ನಾನು ಸಾದಾ ಮಷಿನ್ ಜೊತೆ ಹಳೆಯ ಪಿಕೊ ಮಷಿನ್ ತೆಗೆದುಕೊಂಡೆ. ಉಳಿದ ಟೈಲರ್‌ಗಳು ನನಗೆ ಪೈಪೋಟಿ ಆಗಲಿಲ್ಲ, ಅವರೇ ಗಿರಾಕಿ ಆದರು. ಫಾಲ್ ಹಚ್ಚುವುದು, ಓವರ್‌ಲಾಕ್, ರೆಡಿಮೇಡ್ ಚೂಡಿದಾರ ಬಿಗಿ ಮಾಡುವುದು, ಜಿಪ್ ಬದಲಿಸುವುದು ಎಲ್ಲ ಹಾಗೇ. ನೋಡಲು ಸಣ್ಣ ಕೆಲಸ, ಆದರೆ ದಿನಾ ಬರುತ್ತದೆ. ಬ್ಲೌಸ್ ಮದುವೆ ಸೀಸನ್ನಿಗೆ, ಚೌತಿ-ನವರಾತ್ರಿಗೆ ಒಮ್ಮೆಲೇ ಬಂದು ಬೀಳುತ್ತದೆ, ಆಮೇಲೆ ಖಾಲಿ. ಶಾಲೆ ಯೂನಿಫಾರ್ಮ್ ಮೇ ಕೊನೆಗೆ.

ಇನ್ನೊಂದು ಮಾತು. ಒಂದು ತಿಂಗಳಲ್ಲಿ ಪೇಪರ್ ಕಟಿಂಗ್ ಬರುತ್ತದೆ, ಮಷಿನ್ ಹಿಡಿತ ಬರುತ್ತದೆ. ಬೇರೆಯವರ ರೇಷ್ಮೆ ಬಟ್ಟೆಗೆ ಕತ್ತರಿ ಹಾಕುವ ಧೈರ್ಯ ಬರುವುದು ಅಂಗಡಿಯಲ್ಲೇ. ತರಬೇತಿ ಮುಗಿದ ಮೇಲೆ ಒಂದು ಮಳೆಗಾಲ ಯಾರಾದರೂ ಹಳೆಯ ಟೈಲರ್ ಹತ್ತಿರ ಕೂರು. ಕಂಕುಳ ಭಾಗದ ಕಟಿಂಗ್ ಸರಿಬಂದರೆ ಅರ್ಧ ವಿದ್ಯೆ ಬಂದ ಹಾಗೆ.

ಮೊದಲ ದಿನದಿಂದಲೇ ರೇಟು ಬರೆದು ಗೋಡೆಗೆ ಅಂಟಿಸು. ನೆಂಟರು, ಅಕ್ಕಪಕ್ಕದವರು ‘ಮನೇಲೇ ಕೂತು ಹೊಲೀತೀಯಲ್ಲ’ ಅಂತ ಪುಕ್ಕಟೆ ಮಾಡಿಸಿಕೊಳ್ಳುತ್ತಾರೆ. ಹೆಂಗಸಿನ ದುಡಿಮೆಗೆ ಬೆಲೆ ಇಲ್ಲದೆ ಹೋಗುವುದು ಹೆಚ್ಚಾಗಿ ಇಲ್ಲಿಂದಲೇ. ಬೋರ್ಡ್ ಇದ್ದರೆ ಬಾಯಿಬಿಟ್ಟು ಕೇಳುವ ಸಂಕೋಚ ತಪ್ಪುತ್ತದೆ.

ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಇದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000ದ ವೋಚರ್, ಮೊದಲ ಕಂತಿನ ಸಾಲ 1 ಲಕ್ಷದವರೆಗೆ ಶೇ 5ರ ಬಡ್ಡಿಗೆ. ಆದರೆ ಅದು ಆಗಲೇ ಕಸುಬು ಮಾಡುತ್ತಿರುವವರಿಗೆ, ಮನೆಗೆ ಒಬ್ಬರಿಗೆ ಮಾತ್ರ. ಕಲಿತು ಕೆಲಸ ಶುರುಮಾಡಿದ ಮೇಲೆ, ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಸಿಎಸ್‌ಸಿ, ಅಂದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸು.

ಹಳಿಯಾಳದಿಂದ

ಉಳಿದು ಕಲಿಯುವ ತರಬೇತಿ ಅಂದರೆ ಭಯ ಬೇಡ ಅಕ್ಕಾ. ನಮ್ಮಲ್ಲಿರುವ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಂಥ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ, ಕಲಿಕೆ ಎಲ್ಲ ಉಚಿತ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತಲ್ಲ, ಅದೇ ಮಾದರಿ ಆಮೇಲೆ ದೇಶದ ಎಲ್ಲ ಕಡೆಗೆ ಹೋಯಿತು. ಅಲ್ಲಿ ಹೊಲಿಗೆ ಒಂದೇ ಅಲ್ಲ, ಲೆಕ್ಕ ಬರೆಯುವುದು, ಗಿರಾಕಿ ಜೊತೆ ಮಾತಾಡುವುದು, ಬ್ಯಾಂಕಿಗೆ ಯೋಜನಾ ವರದಿ ಕೊಡುವುದು ಕೂಡ ಕಲಿಸುತ್ತಾರೆ. ಮುಗಿದ ಮೇಲೆ ಎರಡು ವರ್ಷ ವಿಚಾರಿಸುತ್ತಲೂ ಇರುತ್ತಾರೆ. ಸಾಲ ಬೇಕಾದಾಗ ಆ ಸಂಪರ್ಕ ಉಪಯೋಗಕ್ಕೆ ಬರುತ್ತದೆ, ಬಿಡಬೇಡಿ. ಮೊದಲೇ ಫೋನ್ ಮಾಡಿ ಮಹಿಳೆಯರ ಬ್ಯಾಚ್ ಯಾವಾಗ, ಮಲಗುವ ಕೋಣೆ ಹೇಗಿದೆ, ರಾತ್ರಿ ಮಹಿಳಾ ಸಿಬ್ಬಂದಿ ಇರುತ್ತಾರಾ ಎಂದು ಕೇಳಿ. ಮನೆಯವರಿಗೂ ಸಮಾಧಾನ ಆಗುತ್ತದೆ.

ಶಿರಸಿ ಹತ್ತಿರದ ಹಳ್ಳಿಯಿಂದ

ಹೊಲಿಗೆ ಇಷ್ಟ ಇಲ್ಲದಿದ್ದರೆ ತಿನಿಸಿನ ಕೆಲಸವೂ ಇದೆ, ಆದರೆ ಅದು ಒಬ್ಬರಿಂದ ಆಗುವುದಲ್ಲ. ನಾವು ಕೇರಿಯ ಹೆಂಗಸರು ಸೇರಿ ಹಲಸಿನ ಹಪ್ಪಳ, ಬಾಳೆಕಾಯಿ ಸಂಡಿಗೆ, ಮುರುಗಲು ಶರಬತ್ತು ಮಾಡುತ್ತೇವೆ. ಹಪ್ಪಳ ಮಾಡುವುದು ಅಮ್ಮನ ಕಾಲದಿಂದ ಗೊತ್ತಿತ್ತು. ತರಬೇತಿಗೆ ಹೋದಮೇಲೆ ಗೊತ್ತಾಗಿದ್ದು ಅದನ್ನು ಪ್ರತಿ ಸಲ ಒಂದೇ ದಪ್ಪ, ಒಂದೇ ಉಪ್ಪು-ಖಾರದಲ್ಲಿ ತೆಗೆಯುವುದು, ತೇವ ಉಳಿಯದ ಹಾಗೆ ಪ್ಯಾಕ್ ಮಾಡುವುದು, ಅಸಲು ಲೆಕ್ಕ ಹಾಕುವುದು. ಸೊಳೆ ಬಿಡಿಸಿ ಬೇಯಿಸಿ ರುಬ್ಬುವ ಕೂಲಿಯನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಲಸು ನಮ್ಮದೇ ಮರದ್ದು, ಕೆಲಸ ನಮ್ಮದೇ ಕೈಯದ್ದು, ಹಾಗಾಗಿ ಬಂದಿದ್ದೆಲ್ಲ ಲಾಭ ಎಂಬ ಭಾವನೆ. ಕೂಲಿ ಸೇರಿಸಿ ಬೆಲೆ ಕಟ್ಟಿದ ಮೇಲೇ ಕೈಯಲ್ಲಿ ಹಣ ನಿಂತಿದ್ದು.

ಕಷ್ಟ ಇರುವುದು ಬಿಸಿಲಿನದ್ದು. ಏಪ್ರಿಲ್-ಮೇನಲ್ಲಿ ಎಷ್ಟು ಒಣಗಿಸಿದೆವೋ ಅಷ್ಟೇ, ಜೂನ್ ಮೊದಲ ಮಳೆಗೆ ಚಾಪೆ ಸುತ್ತಿ ಇಡಬೇಕು. ಡ್ರೈಯರ್ ಬಂದ ಮೇಲೆ ಮಳೆಗಾಲದಲ್ಲೂ ಅಷ್ಟಿಷ್ಟು ಕೆಲಸ ಇರುತ್ತದೆ. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ, ಅಂದರೆ ಪಿಎಂಎಫ್‌ಎಂಇಯಲ್ಲಿ, ಯಂತ್ರಕ್ಕೆ ಸಾಲ ತೆಗೆದರೆ ವೆಚ್ಚದ ಶೇ 35 ಸಹಾಯಧನ, ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಆರಂಭಿಕ ಬಂಡವಾಳ ಎಂದಿತ್ತು. ಈ ವರ್ಷ ಅರ್ಜಿ ಇದೆಯಾ ಎಂದು ಕೃಷಿ ಇಲಾಖೆಯಲ್ಲಿ ಕೇಳಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ಆ ನಂಬರ್ ಇಲ್ಲದ ಪ್ಯಾಕೆಟ್ಟನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಮಾರಾಟಕ್ಕೆ ಶಿರಸಿಯ ಸಹಕಾರಿ ಸಂಘಗಳ ಮಳಿಗೆಗಳಲ್ಲಿ ವಿಚಾರಿಸಬಹುದು.

ಅವರ್ಸಾ ಕಡೆಯಿಂದ

ಎಲ್ಲರಿಗೂ ಧನ್ಯವಾದ. ಕುಮಟಾದ ಅಕ್ಕ ಹೇಳಿದ ಮೇಲೆ ಕೇಳಿ ನೋಡಿದೆ, ನಮ್ಮಲ್ಲೂ ಪಿಕೊಗೆ ಅಂಕೋಲಾಕ್ಕೇ ಹೋಗುತ್ತಾರೆ. ಆದರೆ ಅತ್ತೆಯವರನ್ನು ಹೇಗೆ ಒಪ್ಪಿಸುವುದು?

ಹೊನ್ನಾವರ, ಕಾಸರಕೋಡದಿಂದ

ಅಮ್ಮ ಮೀನು ಮಾರುವವಳು. ಅವಳ ಪರವಾಗಿ ನಾನು ಬರೆಯುತ್ತಿದ್ದೇನೆ. ಅಮ್ಮ ಮತ್ತು ಅವಳ ಜೊತೆಯವರು ಒಣಮೀನನ್ನು ಮರಳ ಮೇಲೆ ಹರವುವುದು ಬಿಟ್ಟು, ಎತ್ತರದ ಕಟ್ಟೆಗೆ ಬಲೆ ಕಟ್ಟಿ ಒಣಗಿಸಲು ಕಲಿತರು. ಮರಳು ಅಂಟುವುದಿಲ್ಲ, ನಾಯಿ-ಕಾಗೆ ಕಾಟ ಕಡಿಮೆ, ರೇಟು ಹೆಚ್ಚು. ಹೊಸ ಕಸುಬು ಕಲಿಯಲು ಆಗದವರು ಮಾಡುತ್ತಿರುವ ಕಸುಬನ್ನೇ ಚೊಕ್ಕ ಮಾಡಬಹುದು ಅಂತ ಅಮ್ಮ ಹೇಳಲು ಹೇಳಿದಳು.

ಮತ್ತೆ ಅಕ್ಕಾ, ನಿಮ್ಮ ಯಜಮಾನರು ಬೋಟಿನವರು ಅಂದಿರಿ. ಯಾಂತ್ರಿಕ ಬೋಟಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಅವರು ಮನೆಯಲ್ಲೇ ಇರುತ್ತಾರಲ್ಲ. ಜೂನ್ ಬ್ಯಾಚ್ ಕೇಳಿ! ಮಕ್ಕಳನ್ನು ಶಾಲೆಗೆ ಬಿಡುವುದು, ಗಂಜಿ-ಸಾರು ಮಾಡುವುದು ಗಂಡಸಿಗೂ ಬರುತ್ತದೆ, ಬೋಟಿನಲ್ಲಿ ಅಡುಗೆ ಮಾಡುವವರು ಗಂಡಸರೇ ಅಲ್ಲವೇ. ಅತ್ತೆಯವರ ಮೇಲೆ ಎಲ್ಲ ಹೊರೆ ಹಾಕಿ ಹೋದರೆ ಅವರು ಬೇಡ ಅನ್ನುವುದು ಸಹಜ. ಅವರ ಮಗನೇ ‘ನಾನಿದ್ದೇನೆ’ ಅಂದರೆ ಮಾತೇ ಬೇರೆ.

ಕಾರವಾರದಿಂದ

ಹೆಂಗಸರು ಅಂದ ಕೂಡಲೇ ಹೊಲಿಗೆ, ಹಪ್ಪಳ, ಬ್ಯೂಟಿ ಪಾರ್ಲರ್ ಇಷ್ಟೇ ಯಾಕೆ? ನನ್ನ ತಂಗಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದಿ ಈಗ ಮಿಕ್ಸರ್, ಫ್ಯಾನ್, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾಳೆ. ಹಗಲು ಮನೆಯಲ್ಲಿ ಒಬ್ಬರೇ ಇರುವ ಹೆಂಗಸರು ಅವಳನ್ನೇ ಕರೆಯುತ್ತಾರೆ. ಶುರುವಿನಲ್ಲಿ ‘ಅಣ್ಣ ಇಲ್ವಾ’ ಅಂತ ಕೇಳುವವರಿದ್ದರು, ಅವಳು ಬಿಚ್ಚಿ ಸರಿಮಾಡಿ ಓಡಿಸಿ ತೋರಿಸುತ್ತಿದ್ದಳು. ಹೊಲಿಗೆ ಕೀಳು ಎಂದು ನಾನು ಹೇಳುತ್ತಿಲ್ಲ. ತರಬೇತಿ ಪಟ್ಟಿ ಬಂದಾಗ ಮೊಬೈಲ್ ರಿಪೇರಿ, ವೈರಿಂಗ್ ಕೂಡ ಇದ್ದರೆ ಅದು ಗಂಡಸರಿಗೆ ಎಂದು ದಾಟಿಹೋಗಬೇಡಿ. ನಮ್ಮ ಸಂಘಗಳಲ್ಲಿ ಆ ಪಟ್ಟಿಯನ್ನು ಪೂರ್ತಿ ಓದಿ ಹೇಳುವುದೇ ಇಲ್ಲ, ಅದು ನನಗೆ ಬಹಳ ಬೇಸರದ ವಿಷಯ.

ಯಲ್ಲಾಪುರದಿಂದ, ಸಂಘದ ಲೆಕ್ಕ ಬರೆಯುವವಳು

ನಾನು ಖಾತೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಚೆನ್ನಾಗಿ ಕಲಿತವರೂ ಸಿಕ್ಕಿಬೀಳುವುದು ಇಲ್ಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಮನೆಯ ಯಜಮಾನಿಗೆ, ಅಂದರೆ ಕೂಡುಕುಟುಂಬದಲ್ಲಿ ಹೆಚ್ಚಾಗಿ ಅತ್ತೆಯ ಖಾತೆಗೆ. ಸೊಸೆಯ ಖಾತೆ ಎಂದೋ ತೆರೆದದ್ದು, ವ್ಯವಹಾರ ಇಲ್ಲದೆ ನಿಂತಿರುತ್ತದೆ. ತರಬೇತಿಗೆ ಹೋಗುವ ಮೊದಲು ನಿನ್ನ ಖಾತೆ ಚಾಲೂ ಮಾಡಿಸು, ನಿನ್ನದೇ ಮೊಬೈಲ್ ನಂಬರ್ ಜೋಡಿಸು. ಮಷಿನ್ ಮುಂದೆ ಅಂಟಿಸುವ ಕ್ಯೂಆರ್ ನಿನ್ನ ಹೆಸರಿನದ್ದೇ ಆಗಿರಲಿ. ನಮ್ಮಲ್ಲಿ ಕೆಲವರು ದುಡಿಯುವುದು ತಾವು, ಸ್ಕ್ಯಾನ್ ಮಾಡಿದ ಹಣ ಹೋಗುವುದು ಗಂಡನ ಫೋನಿಗೆ. ಮನೆಯಲ್ಲಿ ಎಷ್ಟೇ ಪ್ರೀತಿ ಇರಲಿ, ಮುಂದೆ ಅಂಗಡಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ನಿನ್ನ ಖಾತೆಯಲ್ಲಿ ಎಷ್ಟು ತಿಂಗಳಿಂದ ಎಷ್ಟು ಹಣ ಓಡಾಡಿದೆ ಎಂಬುದನ್ನು.