ಅತಿಥಿ ಉಪನ್ಯಾಸಕರ ಅರ್ಹತೆ: ನಿವೃತ್ತ ಪ್ರಾಂಶುಪಾಲರೊಂದಿಗೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಹಾಸನದ ಸದಸ್ಯರು: ಸರ್, ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಲು ಪಿಎಚ್.ಡಿ. ಕಡ್ಡಾಯವೇ?

ಪ್ರಾಂಶುಪಾಲರು: ಕಡ್ಡಾಯವಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಅದರೊಂದಿಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ಕರ್ನಾಟಕದ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ), ಇಲ್ಲವೇ ನಿಯಮಬದ್ಧವಾಗಿ ಪಡೆದ ಪಿಎಚ್.ಡಿ. ಇರಬೇಕು. ಅತಿಥಿ ಬೋಧಕರಿಗೂ ಸಹಾಯಕ ಪ್ರಾಧ್ಯಾಪಕರ ಅರ್ಹತೆಯೇ ಅನ್ವಯಿಸುತ್ತದೆಂದು ಯುಜಿಸಿ 2019ರಲ್ಲಿ ತಿಳಿಸಿದೆ.

ರಾಯಚೂರಿನ ಸದಸ್ಯೆ: ನಮಸ್ಕಾರ ಸರ್. ಕನ್ನಡ ಎಂ.ಎ.ಯಲ್ಲಿ ನನಗೆ 2000ಕ್ಕೆ 1092 ಅಂಕಗಳು ಬಂದಿವೆ. ಪಿಎಚ್.ಡಿ. ಆಗಿದೆ, ಏಳು ವರ್ಷ ಪಾಠ ಮಾಡಿದ್ದೇನೆ, ಹಿಂದುಳಿದ ವರ್ಗಗಳ ರಾಜ್ಯ ಪಟ್ಟಿಯ ಪ್ರವರ್ಗ 2ಎಗೆ ಸೇರಿದವಳು. ಒಬ್ಬರು ಅರವತ್ತು ಸಾವಿರ ಕೊಟ್ಟರೆ ಹೊರರಾಜ್ಯದಿಂದ ಹೊಸ ಎಂ.ಎ. ಪದವಿ ಕೊಡಿಸುವುದಾಗಿ ಹೇಳುತ್ತಿದ್ದಾರೆ.

ಪ್ರಾಂಶುಪಾಲರು: ಅಮ್ಮಾ, ದಯವಿಟ್ಟು ಆ ಹಣ ಕೊಡಬೇಡಿ. ನಿಮ್ಮದು ಶೇ. 54.6; ಎಂಟು ಅಂಕಗಳ ಕೊರತೆಯಾದರೂ ಅದನ್ನು 55 ಎಂದು ಪೂರ್ಣಗೊಳಿಸುವುದಿಲ್ಲ. ದಾಖಲೆ ಪರಿಶೀಲನೆಯಲ್ಲಿ ಅಂಕಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲನ್ನು ಕೂಡಿ ನೋಡುವುದನ್ನು ನಾನೇ ಕಂಡಿದ್ದೇನೆ. ಪಿಎಚ್.ಡಿ. ನೆಟ್‌ನಿಂದ ವಿನಾಯಿತಿ ಕೊಡುತ್ತದೆಯೇ ಹೊರತು ಎಂ.ಎ. ಅಂಕಗಳ ಕೊರತೆಯನ್ನು ತುಂಬುವುದಿಲ್ಲ. ಆದರೆ ಕೆನೆಪದರಕ್ಕೆ (ಆದಾಯ, ಸ್ಥಾನಮಾನದಲ್ಲಿ ಮುಂದುವರಿದವರ ಗುಂಪು) ಸೇರದ ಹಿಂದುಳಿದ ವರ್ಗದವರಿಗೆ ಶೇ. 5ರ ಸಡಿಲಿಕೆ ಇರುವುದರಿಂದ ನಿಮಗೆ ಶೇ. 50 ಸಾಕಾಗಬಹುದು. ಇಲ್ಲಿ ಅನೇಕರು ಎಡವುತ್ತಾರೆ: ಕೆ-ಸೆಟ್‌ಗೆ ರಾಜ್ಯದ ಪ್ರವರ್ಗ ಪಟ್ಟಿ ನಡೆಯುತ್ತದೆ, ನೆಟ್‌ಗೆ ಕೇಂದ್ರದ ಒಬಿಸಿ (ಇತರೆ ಹಿಂದುಳಿದ ವರ್ಗಗಳ) ಪಟ್ಟಿಯಲ್ಲಿಯೇ ನಿಮ್ಮ ಜಾತಿಯ ಹೆಸರು ಇರಬೇಕು. ತಹಶೀಲ್ದಾರರ ಕಚೇರಿಯಿಂದ ಎರಡೂ ಪ್ರಮಾಣಪತ್ರಗಳನ್ನು ಪ್ರತ್ಯೇಕವಾಗಿ ಪಡೆದು, ಅವಧಿ ಮುಗಿದಿದೆಯೇ ಎಂದು ಪರೀಕ್ಷಿಸಿ. ಏಳು ವರ್ಷ ತರಗತಿಯಲ್ಲಿ ನಿಂತವರು ನಕಲಿ ಪದವಿಯ ಪ್ರಕರಣದಲ್ಲಿ ಸಿಲುಕುವುದನ್ನು ನೋಡಲಾರೆ.

ಮಂಡ್ಯದ ಸದಸ್ಯರು: ‘ಐದು ವರ್ಷ ಸೇವೆ ಇದ್ದರೆ ನೆಟ್ ಬೇಡ, ಎಂ.ಫಿಲ್. ಇದ್ದರೂ ಸಾಕು’ ಎಂಬ ಸಂದೇಶ ಎಲ್ಲ ಗುಂಪುಗಳಲ್ಲೂ ಬಂದಿದೆ.

ಪ್ರಾಂಶುಪಾಲರು: ಅದನ್ನು ಅಳಿಸಿಹಾಕಿ. ಸೇವಾವಧಿ ಅರ್ಹತೆಯ ಬದಲಿಯಲ್ಲ. ಪಿಎಚ್.ಡಿ.ಗಿಂತ ಕೆಳಹಂತದ ಸಂಶೋಧನಾ ಪದವಿಯಾದ ಎಂ.ಫಿಲ್. ನಡೆಸುವುದನ್ನು ಯುಜಿಸಿ 2022ರ ನಿಯಮಾವಳಿಯಲ್ಲಿಯೇ ನಿಲ್ಲಿಸಿದೆ. ಇಂದಿಗೂ ಅದಕ್ಕೆ ಪ್ರವೇಶ ಕೊಡುವುದಾಗಿ ಹೇಳುವವರಿಗೆ ಶುಲ್ಕ ಕಟ್ಟಬೇಡಿ.

ದಾವಣಗೆರೆಯ ಸದಸ್ಯರು: ನನ್ನ ಎಂ.ಎ. ಇತಿಹಾಸದಲ್ಲಿ, ನೆಟ್ ರಾಜ್ಯಶಾಸ್ತ್ರದಲ್ಲಿ. ಯಾವ ವಿಷಯಕ್ಕೆ ಅರ್ಜಿ ಹಾಕಲಿ?

ಧಾರವಾಡದ ಸದಸ್ಯರು: ಮೂರು ಗಂಟೆ ಉತ್ತರ ಗುರುತಿಸಿದವರನ್ನು, ಐದು ವರ್ಷ ಸಂಶೋಧನೆ ಮಾಡಿದ ನಮ್ಮ ಸಮಕ್ಕೆ ನಿಲ್ಲಿಸುವುದೇ ಅನ್ಯಾಯ.

ಮೈಸೂರಿನ ಸದಸ್ಯೆ: ಆ ಮೂರು ಗಂಟೆಗಾಗಿ ನಾನು ನಾಲ್ಕು ಸಲ ಕುಳಿತಿದ್ದೇನೆ. ಮಹಾಪ್ರಬಂಧಗಳೆಲ್ಲವೂ ಸ್ವಂತ ಬರಹವೆಂದು ನೀವು ಪ್ರಮಾಣ ಮಾಡುವಿರಾ?

ಧಾರವಾಡದ ಸದಸ್ಯರು: ನನ್ನದನ್ನು ಓದಿ ಮಾತನಾಡಿ. ಓದುವ ಅಭ್ಯಾಸವಿದ್ದರೆ!

ಪ್ರಾಂಶುಪಾಲರು: ಇಬ್ಬರೂ ನಿಲ್ಲಿಸಿ. ನೇರ ನೇಮಕಾತಿಗೆ ನೆಟ್, ಸೆಟ್ ಕನಿಷ್ಠ ಅರ್ಹತೆಯೆಂದು 2023ರ ಜುಲೈ 1ರಿಂದ ಜಾರಿಯಾದ ತಿದ್ದುಪಡಿ ಹೇಳುತ್ತದೆ; ಪಿಎಚ್.ಡಿ. ಐಚ್ಛಿಕ, ಅಂದರೆ ಕಡ್ಡಾಯವಲ್ಲ, ಎಂದು ಯುಜಿಸಿ ಆಗ ತಿಳಿಸಿದೆ.

ತುಮಕೂರಿನ ಸದಸ್ಯರು: ಸರ್, ಹಾಗಾದರೆ ಪಿಎಚ್.ಡಿ. ಕಡ್ಡಾಯವೇ?

ಪ್ರಾಂಶುಪಾಲರು: ಅಲ್ಲ. ಮೇಲೆ ಎರಡು ಸಲ ಬರೆದಿದ್ದೇನೆ.

ಕಲಬುರಗಿಯ ಸದಸ್ಯರು: ಕೆ-ಸೆಟ್ ಅರ್ಹತೆ ಹೈದರಾಬಾದಿನಲ್ಲಿ ಮಾನ್ಯವೇ?

ಪ್ರಾಂಶುಪಾಲರು: ಇಲ್ಲ, ಕರ್ನಾಟಕದಲ್ಲಿ ಮಾತ್ರ. ಹೊರಗೆ ನೆಟ್ ಬೇಕು.

ರಾಯಚೂರಿನ ಸದಸ್ಯೆ: ಸರ್, ಪ್ರಮಾಣಪತ್ರ ತೆಗೆದು ನೋಡಿದೆ, ಕಳೆದ ವರ್ಷವೇ ಅವಧಿ ಮುಗಿದಿದೆ. ಸೋಮವಾರ ನಾಡಕಚೇರಿಗೆ ಹೋಗುತ್ತೇನೆ. ಆ ವ್ಯಕ್ತಿಗೆ ಹಣ ಕೊಡುವುದಿಲ್ಲವೆಂದು ಹೇಳಿಬಿಟ್ಟೆ.

ದಾವಣಗೆರೆಯ ಸದಸ್ಯರು: ನನ್ನ ಪ್ರಶ್ನೆಯನ್ನು ಯಾರೂ ಓದಲೇ ಇಲ್ಲವೇ?