ಅತ್ತಿ ಮರ: ಎಲೆ ತುಂಬ ಗಂಟು, ಕಾಯಿ ಗೋಲಿಯಷ್ಟಾದಾಗಲೇ ಉದುರುತ್ತಿದೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹೊರವಲಯದಲ್ಲಿ 30×40 ಸೈಟು ನಮ್ಮದು. ಹಕ್ಕಿ ಹಾಕಿದ ಬೀಜದಿಂದ ಹಿತ್ತಲಲ್ಲಿ ತಾನಾಗಿ ಎದ್ದ ಅತ್ತಿ ಮರಕ್ಕೆ ಈಗ ಎಂಟು ವರ್ಷ. ಎರಡು ವರ್ಷದಿಂದ ಕಾಂಡಕ್ಕೇ ಗೊಂಚಲು ಕಟ್ಟುತ್ತಿದೆ, ಆದರೆ ಒಂದೂ ಹಣ್ಣಾಗಿಲ್ಲ. ಗೋಲಿ ಗಾತ್ರಕ್ಕೆ ಬಂದು ಹಳದಿಯಾಗಿ ಉದುರುತ್ತದೆ. ಎಲೆಗಳ ಮೇಲೆ ಕಡಲೆಕಾಳಿನಂಥ ಗಂಟುಗಳು, ಕೆಲವು ಕೆಂಪಗೆ. ಗೊಬ್ಬರದಂಗಡಿಯವರು ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಕೊಟ್ಟರು. ಒಮ್ಮೆ ಎಲೆಗೆ ಹೊಡೆದೆ, ಎರಡು ಸಲ ಬುಡಕ್ಕೆ ಸುರಿದೆ. ಗಂಟು ಹಾಗೇ ಇದೆ. ಅಮ್ಮನಿಗೆ ಅತ್ತಿ ಕುಡಿ ತಂಬುಳಿ ಬೇಕಂತೆ, ಈ ಮರದ್ದು ಕೊಯ್ಯಬಹುದಾ? ಇನ್ನೊಂದು ವಿಷಯ, ಮರದಿಂದ ನೀರಿನ ಸಂಪಿನವರೆಗೆ ಎಂಟೇ ಅಡಿ.

ಹಿತ್ತಲಗಿಡ:
ಡೋಸ್ ಕಮ್ಮಿಯಾಗಿದೆ ಅಷ್ಟೆ. ಜಾಸ್ತಿ ಮಾಡಿ ಇನ್ನೊಂದು ಸಲ ಹೊಡೀರಿ.

ಕಾಡುಹಣ್ಣು:
ದಯವಿಟ್ಟು ಹೊಡೆಯಬೇಡಿ. ತಂಬುಳಿಯನ್ನೂ ಸದ್ಯ ಮರೆತುಬಿಡಿ. ಬುಡಕ್ಕೆ ಸುರಿದ ಇಮಿಡಾಕ್ಲೋಪ್ರಿಡ್ ಬೇರಿನಿಂದ ಎಲೆಗೆ ಏರುವಂಥದ್ದು, ತೊಳೆದರೆ ಹೋಗುವುದಿಲ್ಲ. ಮರದೊಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿಯೂ ಉಳಿಯುತ್ತದೆ. ಅಮ್ಮನಿಗೆ ಬೇರೆ ಮರದ ಕುಡಿ ಹುಡುಕಿ.

ಗಂಟು ರೋಗವಲ್ಲ. ಸಿಲಿಡ್ ಅಂತ ಒಂದು ಸಣ್ಣ ಜಿಗಿಯುವ ಕೀಟ ಚಿಗುರೆಲೆಯಲ್ಲಿ ಮೊಟ್ಟೆ ಇಡುತ್ತದೆ. ಮರಿಯ ಸುತ್ತ ಎಲೆಯೇ ಉಬ್ಬಿ ಮನೆ ಕಟ್ಟಿಕೊಡುತ್ತದೆ. ಒಂದನ್ನು ಬ್ಲೇಡಿನಿಂದ ಸೀಳಿ ನೋಡಿ, ಒಳಗೆ ಮರಿ ಸಿಗುತ್ತದೆ. ಒಮ್ಮೆ ಉಬ್ಬಿದ ಎಲೆ ಏನು ಹೊಡೆದರೂ ಚಪ್ಪಟೆಯಾಗದು, ನಿಮ್ಮ ಔಷಧಿ "ಕೆಲಸ ಮಾಡಲಿಲ್ಲ" ಅನ್ನಿಸಿದ್ದು ಅದಕ್ಕೇ. ಬೆಳೆದ ಅತ್ತಿ ಮರಕ್ಕೆ ಇದು ದೊಡ್ಡ ತೊಂದರೆಯೇನಲ್ಲ. ಕೈಗೆಟುಕುವ ಎಲೆ ಕಿತ್ತು ಸುಟ್ಟರೆ ಸಾಕು.

ಕಾಯಿ ಉದುರುವುದು ಬೇರೆಯೇ ಕಥೆ. ಅತ್ತಿ ಹೂ ಕಂಡವರುಂಟೇ ಅಂತಾರಲ್ಲ, ಹೂವೆಲ್ಲ ಕಾಯಿಯ ಒಳಗೇ ಇರುತ್ತದೆ. ತುದಿಯ ಸೂಜಿಮೊನೆಯಂಥ ಬಾಯಿಯಿಂದ ಒಂದು ಪುಟ್ಟ ಕಣಜ ನುಗ್ಗಿ ಪರಾಗ ಮುಟ್ಟಿಸಬೇಕು. ನುಗ್ಗುವಾಗ ರೆಕ್ಕೆ ಮುರಿದು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಕಣಜ ಒಳಗೆ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಅದು ಬರದ ಕಾಯನ್ನು ಮರ ಉದುರಿಸಿಬಿಡುತ್ತದೆ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುವುದರಿಂದ ಕಣಜ ಬರಬೇಕಾದದ್ದು ಬೇರೆ ಮರದಿಂದ. ಅದಕ್ಕೆ ಆಯುಷ್ಯವೋ ಒಂದೆರಡು ದಿನ. ಹತ್ತಿರದಲ್ಲಿ ಬೇರೆ ಅತ್ತಿ ಇದೆಯಾ? ಉದುರಿದ ಹತ್ತು ಕಾಯಿ ಉದ್ದಕ್ಕೆ ಕೊಯ್ದು, ಬಾಯಿಯ ಹತ್ತಿರ ರೆಕ್ಕೆ ಚೂರು, ಒಳಗೆ ಸತ್ತ ಕಪ್ಪು ಕಣಜ ಇದೆಯಾ ನೋಡಿ ಹೇಳಿ.

ತುಂಗಾತೀರ:
ಗಂಟು ಸೀಳಿದೆ. ನೀವು ಹೇಳಿದ ಹಾಗೇ, ಒಂದರಲ್ಲಿ ಮರಿ ಇತ್ತು, ಎರಡು ಖಾಲಿ, ಮೇಲೆ ಬಿರಿದಿತ್ತು. ಕಾಯಿ ಹತ್ತಲ್ಲ, ಹನ್ನೆರಡು ಕೊಯ್ದೆ. ಮಗಳ ಭೂತಗನ್ನಡಿ ಹಿಡಿದು ನೋಡಿದರೂ ರೆಕ್ಕೆಯೂ ಇಲ್ಲ, ಕಣಜವೂ ಇಲ್ಲ. ಕೈಗೆಲ್ಲ ಹಾಲು ಮೆತ್ತಿ, ಕೊಬ್ಬರಿ ಎಣ್ಣೆ ಹಾಕಿ ಉಜ್ಜಬೇಕಾಯಿತು. ಕೆರೆ ಏರಿ ಮೇಲೆ ಎರಡು ದೊಡ್ಡ ಅತ್ತಿ ಇದ್ದವು, ಮೂರು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಕಡಿದರು. ಹಾಗಾದರೆ ಔಷಧಿಯದ್ದೇನೂ ತಪ್ಪಿಲ್ಲವಾ?

ಕಾಡುಹಣ್ಣು:
ಕಣಜ ಒಳಗೇ ಹೋಗಿಲ್ಲ ಅನ್ನುವುದಂತೂ ಖಚಿತ. ಔಷಧಿ ಹಾಕುವ ಮುಂಚೆಯೂ ಉದುರುತ್ತಿದ್ದರೆ ಮೊದಲ ಅನುಮಾನ ಕಡಿದ ಮರಗಳ ಮೇಲೆ. ಆದರೆ ಅಪರೂಪಕ್ಕೆ ಬರುವ ಕಣಜಕ್ಕೂ ಅದು ವಿಷವೇ, ನಿಲ್ಲಿಸಿದ್ದೇ ಒಳ್ಳೆಯದು. ಈ ಕಣಜಗಳು ಗಾಳಿ ಹಿಡಿದು ಕಿಲೋಮೀಟರುಗಟ್ಟಲೆ ಬರುತ್ತವೆ, ಕಾಯಿರಿ. ಕಾಯಿಯ ಮೇಲೆ ಕೂತು ಉದ್ದನೆ ಸೂಜಿ ಚುಚ್ಚುವ ಕಣಜ ಕಂಡರೆ ಅದು ಬೇರೆ ಜಾತಿ, ಪರಾಗಕ್ಕೆ ಉಪಯೋಗವಿಲ್ಲ. ಅಂಥದ್ದೊಂದರ ಸೂಜಿಯ ತುದಿಯಲ್ಲಿ ಸತು ಇರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2014ರಲ್ಲಿ ಪ್ರಕಟಿಸಿದ್ದರು. ಕಾಯಿ ಕೊರೆಯಲು ಲೋಹದ ಮೊನೆ! ಮರದಲ್ಲಿ ಚಿಗಳಿ ಇರುವೆ ಇದ್ದರೆ ಓಡಿಸಬೇಡಿ, ಇಂಥವನ್ನು ಅವು ಹಿಡಿಯುತ್ತವೆ.

ಹಿತ್ತಲಗಿಡ:
ಅಂದ್ರೆ ಹುಳ ಬಂದ್ರೇನೇ ಹಣ್ಣು. ಹುಳ ಇಲ್ಲದ ಹಣ್ಣು ಬೇಕು ಅಂದ್ರೆ?

ಕಾಡುಹಣ್ಣು:
ಎಳೇ ಕಾಯಿ ಪಲ್ಯ ಮಾಡಿ :) ಹಣ್ಣಾಗುವ ಹೊತ್ತಿಗೆ ಹೆಚ್ಚಿನ ಕಣಜ ಹೊರಗೆ ಹಾರಿಹೋಗಿರುತ್ತವೆ. ನಾವು ಚಿಕ್ಕವರಿದ್ದಾಗ ಎರಡು ಹೋಳು ಮಾಡಿ, ಅಂಗೈಗೆ ತಟ್ಟಿ, ಊದಿ ತಿನ್ನುತ್ತಿದ್ದೆವು.

ಶಿರಸಿ ಅಡುಗೆಮನೆ:
ಕುಡಿ ಅಂದರೆ ತುದಿಯ ಮಡಿಚಿದ ಎಲೆ ಮಾತ್ರ ತಮ್ಮಾ, ಬಿಚ್ಚಿದ ಎಲೆ ಹಾಕಿದರೆ ಒಗರು ನಾಲಿಗೆ ಹಿಡಿಯುತ್ತದೆ. ಒಂದು ಮುಷ್ಟಿ ಕುಡಿಗೆ ಒಂದು ಚಮಚ ತುಪ್ಪ, ಜೀರಿಗೆ, ನಾಲ್ಕು ಕಾಳುಮೆಣಸು. ಬಣ್ಣ ಕಂದುವವರೆಗೆ ಬಾಡಿಸಿ, ತೆಂಗಿನತುರಿ ಜೊತೆ ನುಣ್ಣಗೆ ಬೀಸಿ ಮಜ್ಜಿಗೆಗೆ ಕಲೆಸಿ. ಬಾಡಿಸದೆ ಬೀಸಬೇಡಿ. ಗಂಟು ಎದ್ದ ಎಲೆ ಬೇಡ.

ಗಾರೆಕೆಲಸ:
ಸಂಪಿನ ಬಗ್ಗೆ ಯಾರೂ ಹೇಳಲಿಲ್ಲ. ಅತ್ತಿ ಇದ್ದಲ್ಲಿ ನೀರಿದೆ ಅಂತ ವರಾಹಮಿಹಿರನ ಬೃಹತ್ಸಂಹಿತೆಯೇ ಹೇಳುತ್ತದೆ, ನಿಮ್ಮಲ್ಲಿ ನೀರು ಸಂಪಿನಲ್ಲಿದೆ. ಒಸರುವ ಜಾಗ ಸಿಕ್ಕರೆ ಬೇರು ಅಲ್ಲಿಗೇ ಬರುತ್ತದೆ. ರಾತ್ರಿ ಸಂಪು ತುಂಬಿಸಿ, ವಾಲ್ವ್ ಮುಚ್ಚಿ, ಮೋಟಾರ್ ಬಂದ್ ಮಾಡಿ. ನೀರಿನ ಮಟ್ಟಕ್ಕೆ ಮೊಳೆಯಲ್ಲಿ ಗೀರು ಹಾಕಿ ಬೆಳಿಗ್ಗೆ ನೋಡಿ. ಇಳಿಯದಿದ್ದರೆ ಗಾಬರಿ ಬೇಡ, ವರ್ಷಕ್ಕೊಮ್ಮೆ ಖಾಲಿ ಮಾಡಿದಾಗ ಗೋಡೆ ನೋಡಿಕೊಳ್ಳಿ. ಇಳಿದರೆ ಮೊದಲು ಸಂಪು ರಿಪೇರಿ, ಮರ ಕಡಿಯುವ ಮಾತು ಆಮೇಲೆ.

ತುಂಗಾತೀರ:
ಎರಡು ರಾತ್ರಿ ನೋಡಿದೆ. ಮೊದಲ ದಿನ ಒಂದು ಬೆರಳು, ನಿನ್ನೆಯೂ ಅಷ್ಟೇ ಇಳಿದಿದೆ. ಮರದ ಕಡೆಯ ಮೂಲೆಯಲ್ಲಿ ಪ್ಲಾಸ್ಟರ್ ಸಂದಿಯಿಂದ ಕೂದಲಿನಂಥ ಕೆಂಪು ಬೇರು ಇಣುಕುತ್ತಿದೆ. ಭಾನುವಾರ ಸಂಪು ಖಾಲಿ ಮಾಡಿಸುತ್ತೇನೆ. ಕುಡಿ ಮಾತ್ರ ಭದ್ರಾವತಿಯ ಮಾವನ ತೋಟದಿಂದ ಬಂತು.